ನನ್ನ ಮಂಡಿ, ಅಜ್ಜಿಯ ಹಿಮ್ಮಡಿ

ನಮ್ಮ ಮನೆಗೆ ಯಾರೇ ನೆಂಟರು ಬರಲಿ, ಟೀ ಲೋಟ ಅವರ ಕೈ ಸೇರುವ ಮೊದಲೇ ಒಂದು ಕಥೆ ಅವರ ಕಿವಿ ಸೇರುತ್ತದೆ. ಪಡಸಾಲೆಯ ಮೂಲೆಯಲ್ಲಿ ಒಂದು ಕೋಲು ಒರಗಿದೆ. ಹಿಡಿಯುವ ಕಡೆ ಎಣ್ಣೆ ಸವರಿದಂತೆ ನುಣ್ಣಗಾಗಿದೆ, ನೆಲ ಮುಟ್ಟುವ ಕಡೆ ಸಿಬಿರೆದ್ದು ಕುಂಚದಂತಾಗಿದೆ. ಅಮ್ಮ ಅದರ ಕಡೆ ಕೈ ತೋರಿಸಿ ಶುರುಮಾಡುತ್ತಾಳೆ. "ನಮ್ಮ ಹುಡ್ಗಿ ಮಂಡಿ ಮುರ್ಕಂಡಿದ್ರೂನೂ ಅಜ್ಜೀನ ಗುಡ್ಡದ ತಂಕ ನಡೆಸ್ಕಂಡು ಹೋದ್ಲು ನೋಡ್ರಿ. ಅಜ್ಜಿ ಹಿಮ್ಮಡಿ ನೋವು ಅಂತ ಹೆಜ್ಜೆ ಹೆಜ್ಜೆಗೂ ಕುಂತ್ರೆ ಇವಳೂ ಪಕ್ಕದಾಗೆ ಕುಂತ್ಲು. ಒಂದ್ ಮಾತು ಬ್ಯಾಸರ ಮಾಡ್ಕಳ್ಲಿಲ್ಲ." ನೆಂಟರು ನನ್ನನ್ನು ನೋಡುತ್ತಾರೆ, ನಾನು ನೆಲ ನೋಡುತ್ತೇನೆ. ಅದನ್ನು ವಿನಯ ಎಂದುಕೊಂಡು ಅವರು ಇನ್ನಷ್ಟು ಮೆಚ್ಚುತ್ತಾರೆ.

ಈ ಕಥೆಯಲ್ಲಿ ಮೂರು ತಪ್ಪುಗಳಿವೆ. ಮಂಡಿ ಮುರಿದಿರಲಿಲ್ಲ, ತಿರುಚಿತ್ತು ಅಷ್ಟೆ. ನಾನು ಬೇಸರ ಮಾಡಿಕೊಂಡಿದ್ದೆ, ಬಾಯಿಬಿಟ್ಟು ಆಡಿಯೂ ಇದ್ದೆ. ಇನ್ನು ಮೂರನೆಯದು, ಯಾರು ಯಾರನ್ನು ನಡೆಸಿಕೊಂಡು ಹೋದರು ಎಂಬುದು. ಹೋದ ವರ್ಷದಿಂದ ಈ ಮೂರನೆಯದರ ಬಗ್ಗೆ ನನಗೆ ಊಟದ ಮಧ್ಯೆ ತುತ್ತು ನಿಲ್ಲುವಷ್ಟು ಅನುಮಾನ ಬಂದಿದೆ.

ಅನುಮಾನಪಡುವುದನ್ನು ನಾನು ಕಲಿತು ರೂಢಿಸಿಕೊಂಡವಳು. ಚಿತ್ರದುರ್ಗದ ಕಾಲೇಜಿನಲ್ಲಿ ಓದಿದ ಮೂರು ವರ್ಷವೂ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರವೋ ವಿರುದ್ಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಗೊತ್ತಾದ ಮರುಕ್ಷಣದಿಂದ ಅದೇ ನನಗೆ ಹುಟ್ಟಿನಿಂದ ಬಂದ ನಂಬಿಕೆ. ಭಾನುವಾರ ಹಾಸ್ಟೆಲಿನ ಗೆಳತಿಯರು ಬುತ್ತಿ ಕಟ್ಟಿಕೊಂಡು ಜೋಗಿಮಟ್ಟಿಗೆ ಹೋದರೆ ಅಲ್ಲಿಯೂ ನಾನು ಬಂಡೆ ಹತ್ತಿ "ಮಾನ್ಯ ಅಧ್ಯಕ್ಷರೆ" ಎಂದು ಶುರುಮಾಡುತ್ತಿದ್ದೆ. ಗೆಳತಿಯರು ದೂರ ಹೋಗಿ ಕೂರುತ್ತಿದ್ದರು, ಕೋತಿಗಳು ಕೇಳುತ್ತಿದ್ದವು. ಬುತ್ತಿ ಖಾಲಿಯಾದ ಮೇಲೆ ಅವೂ ಎದ್ದು ಹೋಗುತ್ತಿದ್ದವು. ಸಭಿಕರ ಸ್ವಭಾವ ಎಲ್ಲ ಕಡೆಯೂ ಒಂದೇ.

ಊರಿಗೆ ಬಂದರೂ ಚಟ ಬಿಡುತ್ತಿರಲಿಲ್ಲ. ನಮ್ಮದು ಆದಿವಾಲದಲ್ಲಿ ಕುರಿ ಸಾಕುವ ಮನೆತನ. ಒಂದಿಷ್ಟು ಹೊಲ, ಒಂದು ಮಂದೆ ಕುರಿ. ಅಮ್ಮ "ಮುದ್ದೆ ಬೆಂದೈತೆ, ಬರ್ರಿ" ಎಂದರೆ ನಾನು "ಯಾವ ಆಧಾರದ ಮೇಲೆ?" ಎನ್ನುತ್ತಿದ್ದೆ. ಅಪ್ಪ ಕೈ ತೊಳೆಯುತ್ತ ಹೇಳುತ್ತಿದ್ದ: "ಇವಳ್ನ ಕುರಿ ಸಂತೆಗೆ ಕರ್ಕಂಡು ಹೋಗಂಗಿಲ್ಲ. ಇವಳ ಮಾತು ಕೇಳಿ ಕುರಿಗಳೇ ನಾವು ಮಾರಾಟಕ್ಕಿಲ್ಲ ಅಂತ ಹೊಳ್ಳಿ ಮನೆಗೆ ಬರ್ತಾವೆ."

ಮಂಡಿ ತಿರುಚಿದ್ದು ಬಿ.ಎ. ಕೊನೆಯ ವರ್ಷ. ಅಂದಿನ ಚರ್ಚೆಯ ವಿಷಯ 'ಹರಕೆಯ ಪಾದಯಾತ್ರೆ ಶ್ರಮದ ಅಪವ್ಯಯ'. ನನಗೆ ಬಂದದ್ದು ಪರ. ಎಂದೂ ಮಾತಾಡದ ಹಾಗೆ ಮಾತಾಡಿದೆ. ನಡೆದು ದೇವರನ್ನು ಕಾಣಬಹುದಾದರೆ ಅಂಚೆಯವನು ದಿನಾ ಕಾಣಬೇಕಿತ್ತು ಎಂದೆ, ಚಪ್ಪಾಳೆ ಬಿತ್ತು. ಮೊದಲ ಬಹುಮಾನದ ಕಪ್ ಕೈಗೆ ಬಂತು. ಕಪ್ ಹಿಡಿದುಕೊಂಡು, ಸಭೆಯನ್ನು ನೋಡುತ್ತ, ಮೆಟ್ಟಿಲನ್ನು ನೋಡದೆ, ವೇದಿಕೆಯಿಂದ ಇಳಿದೆ. ಮೂರೇ ಮೆಟ್ಟಿಲು. ಎರಡನೆಯದರ ಮೇಲೆ ಯಾರೋ ಜಮಖಾನ ಸುತ್ತಿ ಇಟ್ಟಿದ್ದರು. ನಾನೊಂದು ಕಡೆ ಬಿದ್ದೆ, ಎಡಮಂಡಿ ಇನ್ನೊಂದು ಕಡೆ ತಿರುಗಿತು. ಕಪ್ಪಿನ ಒಂದು ಕಿವಿ ಮುರಿಯಿತು. ಅದರಲ್ಲಿ ಈಗ ಅಜ್ಜಿ ಕುರಿಗಳಿಗೆ ನೆಕ್ಕಿಸುವ ಉಪ್ಪು ಇಟ್ಟುಕೊಂಡಿದ್ದಾಳೆ.

ಡಾಕ್ಟರು ಲಿಗಮೆಂಟು ಎಂದರು, ತಿಂಗಳುಗಟ್ಟಲೆ ವಿಶ್ರಾಂತಿ ಎಂದರು. ಊರಿನವರಿಗೆ ಡಾಕ್ಟರು ಬೇಕಾಗಿರಲಿಲ್ಲ. ನಾನು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು: ದೇವರನ್ನು ಬೈದಳು, ದೇವರು ಮೆಟ್ಟಿಲ ಮೇಲೆ ಕಾದಿದ್ದ. ನಾನು ಮಂಚದ ಮೇಲಿಂದಲೇ ವಾದಿಸಿದೆ. ದೇವರಿಗೆ ಅಷ್ಟು ಸಿಟ್ಟಿದ್ದರೆ ದೇವರ ಪರವಾಗಿ ಅಷ್ಟು ಚೆನ್ನಾಗಿ ಮಾತಾಡಿದ ಹೊಳಲ್ಕೆರೆಯ ಹುಡುಗನಿಗೆ ಸಮಾಧಾನಕರ ಬಹುಮಾನ ಯಾಕೆ ಕೊಡಿಸಿದ? ಅಜ್ಜಿ ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತುತ್ತ, "ಮಾತಾಗೆ ಗೆದ್ದೆ, ಮೆಟ್ಲಾಗೆ ಸೋತೆ. ಅಲ್ಲಿಗಲ್ಲಿಗೆ ಸರಿಯಾತು ಬಿಡು," ಎಂದಳು.

ಈ ಅಜ್ಜಿ ಅಪ್ಪನ ತಾಯಿ. ಹೆಸರು ಕರಿಯಮ್ಮ. ಎತ್ತರದ ಆಳು, ಒಣಗಿದ ಜಾಲಿಯ ಹಾಗೆ ಗಟ್ಟಿ. ನನ್ನನ್ನು ಒಂದು ಮಾತೂ ಕೇಳದೆ ನನ್ನ ಮಂಡಿಯ ಮೇಲೆ ಅವಳು ಹರಕೆ ಹೊತ್ತಿದ್ದಳು: ಹುಡುಗಿಯನ್ನು ಗುಡ್ಡಕ್ಕೆ ನಡೆಸಿಕೊಂಡು ಬರುತ್ತೇನೆ. ಹೊಳಲ್ಕೆರೆ ಕಡೆ ನಮ್ಮ ಮನೆದೇವರ ಗುಡ್ಡವಿದೆ. ಹೆಸರು ಬೇಡ, ಬರೆದರೆ ಅಲ್ಲಿಯ ಪೂಜಾರಪ್ಪ ಯಾರಿಂದಲಾದರೂ ಓದಿಸಿ ಕೇಳಿ, ಉತ್ತರ ಕೇಳುವುದಕ್ಕೆ ಬಸ್ಸು ಹತ್ತಿ ಬರುತ್ತಾನೆ. ನಮ್ಮ ವಂಶದ ನಾಲ್ಕೈದು ಮನೆಯವರು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಅಲ್ಲಿಗೆ ನಡೆದು ಹೋಗುತ್ತಾರೆ. ನಾಲ್ಕು ದಿನದ ದಾರಿ.

"ಮಂಡಿ ಇನ್ನೂ ನೆಟ್ಟಗಾಗಿಲ್ಲ ಅಜ್ಜಿ. ನೆಟ್ಟಗಾದ ಮೇಲೆ ತಾನೆ ಹರಕೆ ತೀರಿಸೋದು?" ಎಂದೆ.

"ನಡಿ, ನೆಟ್ಟಗಾಗ್ತೈತೆ."

"ಇದು ಪರೀಕ್ಷೆ ಬರೆಯೋ ಮೊದ್ಲೇ ಪಾಸಾದ ಹಾಗಾಯ್ತು."

"ಆದ್ರೆ ನಿಂಗೇನು ಲುಕ್ಸಾನು?"

ಇಷ್ಟಕ್ಕೆ ನಾನು ಒಪ್ಪುವವಳಲ್ಲ. ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ನನಗೆ ಮೈಸೂರಿಗೆ ಹೋಗಿ ಲಾ ಓದಬೇಕಿತ್ತು. ಅಪ್ಪ ಆಗುವುದಿಲ್ಲ ಎಂದುಬಿಟ್ಟಿದ್ದ. "ಕಲೀದೇನೇ ಇಷ್ಟು ವಾದ ಮಾಡ್ತಾಳೆ. ಕಲಿತು ಬಂದ್ರೆ ಮನೇಲಿ ಯಾರು ಉಳಿತಾರೆ?" ಎಂಬುದು ಬಾಯಿಮಾತು. ಒಳಗಿನ ಮಾತೆಂದರೆ ಹೊಳಲ್ಕೆರೆ ಕಡೆಯ ಒಂದು ಮನೆಯವರು ನನ್ನನ್ನು ನೋಡಲು ಬರುತ್ತೇವೆ ಎಂದು ಎರಡು ಸಲ ಹೇಳಿ ಕಳಿಸಿದ್ದರು. ನಾನು ಅಪ್ಪನ ಎದುರು ಮೂರು ದಿನ ಪರವಾಗಿ ಮಾತಾಡಿ ಸೋತೆ. ಜೀವನದಲ್ಲಿ ನಿಜವಾಗಿ ಗೆಲ್ಲಬೇಕಾಗಿದ್ದ ಚರ್ಚೆ ಅದೊಂದೇ. ಅದರಲ್ಲಿ ಸಮಾಧಾನಕರ ಬಹುಮಾನವೂ ಬರಲಿಲ್ಲ.

ನಾಲ್ಕನೆಯ ದಿನ ಅಜ್ಜಿ ಉಣ್ಣೆ ನೂಲುತ್ತ ಕೂತಲ್ಲಿಂದಲೇ ಅಪ್ಪನಿಗೆ ಹೇಳಿದಳು: "ಒಂದ್ ಕೆಲ್ಸ ಮಾಡಪ್ಪ. ಈ ಹುಡ್ಗಿ ನನ್ ಜತಿಗೆ ಗುಡ್ಡಕ್ಕೆ ನಡ್ಕಂಡು ಬರ್ಲಿ. ನಡ್ಕಂಡು ಬಂದ್ರೆ ಓದಾಕೆ ಕಳ್ಸು."

ಅಪ್ಪ ನನ್ನ ಮಂಡಿಯನ್ನು ನೋಡಿದ. ಮೂರು ಹೊತ್ತೂ ಗೋಡೆ ಹಿಡಿದು ಓಡಾಡುತ್ತಿದ್ದ ಮಂಡಿ. ಅವನಿಗೆ ನಗು ಬಂದಿರಬೇಕು. "ಆತು. ನಾನು ಕೊನೇ ದಿನ ಬಸ್ಸಿಗೆ ಬಂದು ಗುಡ್ಡದ ಬುಡದಾಗೆ ಕುಂತಿರ್ತೀನಿ. ಅವಳ ಕಾಲ ಮೇಲೆ ಅವಳು ಬಂದ್ರೆ ಅಲ್ಲೇ ಅರ್ಜಿಗೆ ರುಜು ಹಾಕ್ತೀನಿ. ಎಲ್ಲಾದ್ರೂ ಬಸ್ಸು ಹತ್ತಿದ್ಲೋ, ಹೊಳಲ್ಕೆರೆಯವ್ರಿಗೆ ಬರ್ರಿ ಅಂತ ಹೇಳಿ ಕಳಿಸ್ತೀನಿ."

ಹೀಗೆ, ಪಾದಯಾತ್ರೆ ಅಪವ್ಯಯ ಎಂದು ಕಪ್ ಗೆದ್ದವಳು ಮೂರು ತಿಂಗಳಲ್ಲಿ, ಅದೇ ಭಾಷಣದಲ್ಲಿ ತಿರುಚಿಕೊಂಡ ಮಂಡಿಯನ್ನು ಎಳೆದುಕೊಂಡು ಪಾದಯಾತ್ರೆ ಹೊರಟಳು. ಗೆಳತಿಯರಿಗೆ ಬರೆದ ಕಾಗದದಲ್ಲಿ ನಾನು ಇದನ್ನು 'ಪ್ರತ್ಯಕ್ಷ ಅಧ್ಯಯನ' ಎಂದು ಕರೆದಿದ್ದೆ.

ಹದಿನಾಲ್ಕು ಜನ, ಎರಡು ಕತ್ತೆ. ಕತ್ತೆಗಳ ಮೇಲೆ ಹಿಟ್ಟು, ಪಾತ್ರೆ, ಕಂಬಳಿ. ಕಾಲಿಗೆ ಚಪ್ಪಲಿ ಇಲ್ಲ. ಮುಂದೆ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ. ದಾರಿ, ನೀರು, ತಂಗುವ ಜಾಗ ಎಲ್ಲ ಅವನ ಜವಾಬ್ದಾರಿ. ಕಟ್ಟಕಡೆಗೆ ಅಜ್ಜಿ, ಕೈಯಲ್ಲಿ ಕೋಲು. ಇದಕ್ಕೆ ನಮ್ಮಲ್ಲಿ ಹಿಂದಿನ ಕೋಲು ಎನ್ನುತ್ತಾರೆ. ಬಂದವರಲ್ಲಿ ಎಲ್ಲರಿಗಿಂತ ಹಿರಿಯರು ಅದನ್ನು ಹಿಡಿದು ಕೊನೆಯಲ್ಲಿ ನಡೆಯಬೇಕು. ಕೋಲಿನ ಹಿಂದೆ ಯಾರೂ ಉಳಿಯುವಂತಿಲ್ಲ, ಕೋಲು ನಿಂತರೆ ಮುಂದಿನವರೆಲ್ಲ ನಿಲ್ಲಬೇಕು. ಕುರಿಮಂದೆ ಹೊಡೆದುಕೊಂಡು ಹೋಗುವ ರೀತಿಯನ್ನೇ ನಮ್ಮವರು ದೇವರ ದಾರಿಗೂ ತಂದಿದ್ದಾರೆ.

ಮಂದೆ ಎಂದಾಗ ಒಂದು ಸಂಗತಿ ನೆನಪಾಗುತ್ತದೆ. ಏಳು ವರ್ಷದವಳಿದ್ದಾಗ ನಾನು ರಜೆಯಲ್ಲಿ ಅಜ್ಜಿಯ ಜೊತೆ ಕುರಿ ಹಿಂದೆ ಹೋಗುತ್ತಿದ್ದೆ. ಒಂದು ಮರಿಗೆ ಕಾಲಿಗೆ ಮುಳ್ಳು ಹೊಕ್ಕು ಕುಂಟುತ್ತ ಹಿಂದೆ ಬಿದ್ದಿತ್ತು. ನಾನು ಕಡ್ಡಿ ಹಿಡಿದು "ಹೈ, ಹೈ" ಎಂದು ಅದನ್ನು ಗದರಿಸುತ್ತಿದ್ದೆ. ಅಜ್ಜಿ ಕಡ್ಡಿ ಕಿತ್ತುಕೊಂಡಳು. "ಕುಂಟೋದನ್ನ ಗದರಿಸಬಾರ್ದು ಕಣೇ. ಗದರಿಸಿದ್ರೆ ನೋವು ಮುಚ್ಕಂಡು ಓಡ್ತೈತೆ, ಆಮೇಲೆ ಬಿದ್ದು ಏಳಲ್ಲ. ಹೋಗು, ಮುಂದ್ಗಡೆ ಟಗರು ತಡಿ ಹೋಗು." ನಾನು ಓಡಿಹೋಗಿ ಟಗರಿನ ಎದುರು ಕೈ ಅಗಲಿಸಿ ನಿಂತೆ. ಟಗರು ನನ್ನ ಕಾಲ ಸಂದಿಯಲ್ಲಿ ನುಗ್ಗಿ, ನನ್ನನ್ನು ಹಿಮ್ಮುಖವಾಗಿ ಕೂರಿಸಿಕೊಂಡು ಹತ್ತು ಮಾರು ಹೊತ್ತೊಯ್ದು ಬೇಲಿಗೆ ಇಳಿಸಿತು. ಮಂದೆಯಂತೂ ನಿಂತಿತು. ಅಜ್ಜಿ ಮರಿಯನ್ನೂ ನನ್ನನ್ನೂ ಒಂದೇ ಮರದ ಕೆಳಗೆ ಕೂರಿಸಿಕೊಂಡು ಇಬ್ಬರ ಮುಳ್ಳನ್ನೂ ತೆಗೆದಳು.

ಇರಲಿ, ಚರ್ಚಾಸ್ಪರ್ಧೆಯ ಎಚ್ಚರಿಕೆಯ ಗಂಟೆ ಹೊಡೆಯಿತು ಎಂದುಕೊಳ್ಳಿ, ವಿಷಯಕ್ಕೆ ಬರುತ್ತೇನೆ.

ಮೊದಲ ದಿನ ಹಿರಿಯೂರು ದಾಟುವವರೆಗೆ ನಾನು ಬಹಳ ಚೆನ್ನಾಗಿ ನಡೆದೆ ಎಂದುಕೊಂಡಿದ್ದೆ. ಕುಂಟುವುದು ಯಾರಿಗೂ ಕಾಣಬಾರದೆಂದು ಉಪಾಯ ಮಾಡಿಕೊಂಡಿದ್ದೆ. ಗಾಡಿ ಜಾಡಿನಲ್ಲಿ ಎಡಗಾಲು ಏರಿಗೆ, ಬಲಗಾಲು ತಗ್ಗಿಗೆ ಬರುವ ಹಾಗೆ ನಡೆಯುವುದು. ನೋವು ಹೆಚ್ಚಾದಾಗ ನಿಂತು ದೂರದ ಗುಡ್ಡವನ್ನು ಮೆಚ್ಚುವುದು. ಆ ದಿನ ನಾನು ಮೆಚ್ಚಿದಷ್ಟು ಗುಡ್ಡಗಳು ನಮ್ಮ ಜಿಲ್ಲೆಯಲ್ಲಿಲ್ಲ. ಮಾರಿಕಣಿವೆಯ ಹತ್ತಿರ ಏರು ಹತ್ತುವಾಗಲೂ ಏನೂ ಆಗಲಿಲ್ಲ. ಇಳಿಜಾರಿನಲ್ಲಿ ಮಂಡಿ ಕಳಕ್ ಎಂದಿತು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂಬುದನ್ನು ವೇದಿಕೆಯ ಮೆಟ್ಟಿಲು ಆಗಲೇ ಕಲಿಸಿತ್ತು, ನಾನು ಕಲಿತಿರಲಿಲ್ಲ.

ಸಂಜೆ ತಂಗಿದ ಕಡೆ ದೊಡ್ಡಪ್ಪ ಬಂದು ಎದುರಿಗೆ ನಿಂತ. "ಏನವ್ವ, ನಿನ್ ನಡಿಗೆ ಒಂದ್ ಕಡಿಗೆ ವಾಲ್ತೈತಲ್ಲ?"

"ರಸ್ತೆನೇ ವಾಲಿದೆ ದೊಡ್ಡಪ್ಪ."

"ರಸ್ತೆ ನಾನು ಮೂವತ್ತು ವರ್ಷದಿಂದ ನೋಡಿವ್ನಿ. ಶನಿವಾರ ಬೆಳಿಗ್ಗೆ ಪೂಜೆ ಹೊತ್ತಿಗೆ ಮುಟ್ಟಬೇಕು. ನಾಳೆನೂ ಹಿಂಗೇ ಕುಂಟಿದ್ರೆ ಶ್ರೀರಾಂಪುರದ ಬಸ್ಸಿಗೆ ಹತ್ತಿಸ್ತೀನಿ. ಹೊಸದುರ್ಗದಾಗೆ ಇಳ್ಕಂಡು ಕಾಯ್ತಿರು."

ದೊಡ್ಡಪ್ಪ ಕೆಟ್ಟವನಲ್ಲ. ನನ್ನ ಮಂಡಿಯ ಮೇಲಿನ ಕಾಳಜಿಯಿಂದಲೇ ಆಡಿದ ಮಾತು. ಆದರೆ ಬಸ್ಸು ಎಂದರೆ ನನಗೆ ಹೊಳಲ್ಕೆರೆಯವರು ಪಂಚೆ ಉಟ್ಟು ಸಾಲಾಗಿ ಕೂತದ್ದೇ ಕಣ್ಣ ಮುಂದೆ ಬಂತು. ಅಜ್ಜಿ ಆ ಕಡೆ ಒಲೆಗೆ ಪುಳ್ಳೆ ಒಟ್ಟುತ್ತಿದ್ದಳು. ತಿರುಗಿಯೂ ನೋಡಲಿಲ್ಲ. ಇವಳಿಗೆ ಕೇಳಿಸಲೇ ಇಲ್ಲ ಎಂದುಕೊಂಡು ನನಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅರ್ಧ ಮೈಲಿಯೂ ಹೋಗಿರಲಿಲ್ಲ, ಹಿಂದಿನಿಂದ ಕೂಗು ಬಂತು. "ಏ, ತಡೀರಪ್ಪ." ನೋಡಿದರೆ ಅಜ್ಜಿ ಹುಣಸೆಮರದ ಕೆಳಗೆ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ, ಕೋಲು ಅಡ್ಡ ಬಿದ್ದಿದೆ. "ಹಿಮ್ಮಡಿ ಸಿಡಿತೈತೆ. ಒಂದೀಟು ಕುಂತ್ಕಂತೀನಿ."

ಎಲ್ಲರೂ ನಿಂತರು. ದೊಡ್ಡಪ್ಪ ಹಿಂದೆ ಓಡಿಬಂದ. ಸ್ವಲ್ಪ ಹೊತ್ತಾದ ಮೇಲೆ ಎದ್ದೆವು. ಇನ್ನೆರಡು ಫರ್ಲಾಂಗು ಹೋಗುವಷ್ಟರಲ್ಲಿ ಮತ್ತೆ, "ತಡೀರಪ್ಪ."

ನಾಲ್ಕನೆಯ ಸಲಕ್ಕೆ ದೊಡ್ಡಪ್ಪ ತಲೆಯ ಮೇಲಿನ ವಸ್ತ್ರ ತೆಗೆದು ಬೆವರೊರೆಸಿಕೊಂಡ. "ಅವ್ವ, ನೀನು ಬಸ್ಸಿಗೆ ಹೋಗ್ತೀಯೇನವ್ವ?"

"ಕೋಲು ಬಸ್ಸಿಗೆ ಹತ್ತೈತೇನಪ್ಪ ಎಲ್ಲಾದ್ರೂ? ನಿಮ್ಮಪ್ಪನ ಕಾಲದಾಗೆ ಹತ್ತಿತ್ತಾ?"

ದೊಡ್ಡಪ್ಪ ವಸ್ತ್ರ ಸುತ್ತಿಕೊಂಡು ಮುಂದೆ ಹೋದ. ಆ ಕ್ಷಣದಲ್ಲಿ ನನಗೆ ದೊಡ್ಡ ಯೋಚನೆ ಹೊಳೆಯಿತು. ಅಜ್ಜಿಯ ಪಕ್ಕದಲ್ಲಿ ನಡೆದರೆ ನನ್ನ ಕುಂಟು ಯಾರಿಗೂ ಕಾಣುವುದಿಲ್ಲ. ನಾನು ಎಲ್ಲರಿಗೂ ಕೇಳಿಸುವ ಹಾಗೆ, ಸ್ಪರ್ಧೆಯ ಕೊನೆಯ ನಿಮಿಷದ ದನಿಯಲ್ಲಿ ಘೋಷಿಸಿದೆ: "ನೀವೆಲ್ಲ ನಿಮ್ ಪಾಡಿಗೆ ನಡೀರಿ ದೊಡ್ಡಪ್ಪ. ಅಜ್ಜಿ ಜೊತೆ ನಾನಿರ್ತೀನಿ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ತನ್ ಮಂಡಿನೇ ಸರಿ ಇಲ್ಲ, ಆದ್ರೂ ನೋಡು," ಎಂದಳು ದೊಡ್ಡಮ್ಮ. ದೊಡ್ಡಮ್ಮನ ಬಾಯಿಂದ ಅಮ್ಮನಿಗೆ ಮುಟ್ಟಿದ ಕಥೆ ಹುಟ್ಟಿದ್ದು ಅಲ್ಲಿ, ಆ ಹುಣಸೆಮರಗಳ ಸಾಲಿನಲ್ಲಿ. ತನ್ನ ಲಾಭಕ್ಕೆ ಆಡಿದ ಮಾತು ತ್ಯಾಗವಾಗಿ ಕಂಡರೆ ಯಾರಾದರೂ ತಿದ್ದುತ್ತಾರೆಯೇ? ನೀವೇ ಹೇಳಿ.

ಆ ದಿನ ನಾವು ಎಷ್ಟು ಕಡೆ ಕೂತೆವೋ ಲೆಕ್ಕವಿಲ್ಲ. ಒಂದು ವಿಷಯ ನನಗೆ ಆಗ ಹೊಳೆಯಲಿಲ್ಲ, ಈಗ ಹೊಳೆಯುತ್ತಿದೆ. ಅಜ್ಜಿಯ ಹಿಮ್ಮಡಿ ಎಲ್ಲೆಂದರಲ್ಲಿ ಸಿಡಿಯುತ್ತಿರಲಿಲ್ಲ. ನೆರಳಿರಬೇಕು, ಪಕ್ಕದಲ್ಲಿ ಒಂದು ಎತ್ತರದ ಕಲ್ಲೋ ಮರದ ಕಟ್ಟೆಯೋ ಇರಬೇಕು. ತಾನು ನೆಲದ ಮೇಲೆ ಕುಕ್ಕರಿಸಿ, "ನೀನು ಯಾಕೆ ನಿಂತಿದ್ದೀಯ, ಆ ಕಲ್ಲಿನ ಮ್ಯಾಲೆ ಕುಂತ್ಕ," ಎನ್ನುತ್ತಿದ್ದಳು. ಮಂಡಿ ಪೂರ್ತಿ ಮಡಿಸದೆ ಕೂರಬಹುದಾದ ಎತ್ತರ. ಹೊರಡುವಾಗ ಮಾತ್ರ ಅವಸರವಿಲ್ಲ. ನಾನು ಎದ್ದು, ಕಾಲು ಕೊಡವಿ, ನಾಲ್ಕು ಹೆಜ್ಜೆ ಹಾಕಿದ ಮೇಲೆಯೇ ಅವಳು ಏಳುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ನನ್ನ ಮಂಡಿ ಹಗುರಾಯಿತು. ಮಂಡಿ ಹಗುರಾದ ಕೂಡಲೇ ನಾಲಗೆ ಚುರುಕಾಯಿತು. ಹೀಗೇ ತಡವಾದರೆ ದೊಡ್ಡಪ್ಪ ತಾಳ್ಮೆಗೆಟ್ಟು ಇಬ್ಬರನ್ನೂ ಬಸ್ಸಿಗೆ ತುರುಕುತ್ತಾನೆ ಎಂಬ ಭಯ ಬೇರೆ. ಧೂಳೆಬ್ಬಿಸಿಕೊಂಡು ಒಂದು ಬಸ್ಸು ಹೋಯಿತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದು ಆರು ತಿಂಗಳಾಗಿದ್ದರೂ ಅದರ ಬೆನ್ನ ಮೇಲೆ ಮೈಸೂರು ಎಂದೇ ಇತ್ತು. ನನ್ನ ಮೈಸೂರು ಬಸ್ಸಿನ ಬೆನ್ನ ಮೇಲೆ ಕೂತು ಹೋಗಿಬಿಟ್ಟಂತೆ ಅನ್ನಿಸಿತು. ನಾನು ಅಜ್ಜಿಯ ಮೇಲೆ ಹರಿಹಾಯ್ದೆ.

"ಆಗಲ್ಲ ಅಂದ್ರೆ ಯಾಕೆ ಬರಬೇಕಿತ್ತು ಅಜ್ಜಿ? ಈ ವಯಸ್ಸಲ್ಲಿ ಮನೇಲಿ ಕೂರೋದು ಬಿಟ್ಟು? ನಿನ್ನ ಹಿಮ್ಮಡಿಯಿಂದ ನನ್ನ ಲಾ ಕಾಲೇಜು ಹೋಗುತ್ತೆ, ಗೊತ್ತಾ? ನೀನೇ ಹರಕೆ ಹೊತ್ತು, ನೀನೇ ಅಡ್ಡ ಕೂತಿದೀಯ."

ಅಜ್ಜಿ ಕೋಲನ್ನು ಊರಿ ಎದ್ದಳು. "ಹೂಂ ಕಣವ್ವ. ಬಂದ್ಬಿಟ್ಟೆ, ಏನ್ ಮಾಡಾದು. ನಡಿ, ಹೋಗಾಣ," ಎಂದಳು. ಅಷ್ಟೇ. ಅಂಥ ಮಾತಿಗೆ ಅಷ್ಟು ಚಿಕ್ಕ ಉತ್ತರ ಕೊಟ್ಟ ಪ್ರತಿಸ್ಪರ್ಧಿಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಆಗ ಗೆದ್ದೆ ಎಂದುಕೊಂಡೆ.

ಮೂರನೆಯ ದಿನ ಹೊಸದುರ್ಗ. ದೊಡ್ಡಪ್ಪ ಅಜ್ಜಿಯ ಕಾಲು ತೋರಿಸಲು ಬುಡೇನ್ ಸಾಬರನ್ನು ಕರೆತಂದ. ಸಾಬರು ಜಟಕಾ ಹೊಡೆಯುವವರು. ಅವರ ತಾತ ಮುತ್ತಾತಂದಿರ ಕಾಲದಿಂದ ಅದೇ ಊರು, ಅದೇ ಕುದುರೆ ಕಸುಬು. ಕುದುರೆಯ ಕಾಲು ಉಳುಕಿದರೆ ಸುತ್ತಲ ಹಳ್ಳಿಯವರೆಲ್ಲ ಅವರ ಹತ್ತಿರವೇ ಬರುತ್ತಿದ್ದರಂತೆ. ಮನುಷ್ಯರೂ ಬರುತ್ತಿದ್ದರು, ಆದರೆ ಮನುಷ್ಯರು ಮಾತು ಕೇಳುವುದಿಲ್ಲ ಎಂದು ಅವರ ದೂರು. ಜಗಲಿಯ ಮೇಲೆ ಕೂತು ಅಜ್ಜಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿ ಒತ್ತಿ ನೋಡಿದರು. ಏನೋ ಕೇಳಿದರು, ಅಜ್ಜಿ ಏನೋ ಹೇಳಿದಳು. ನಾನು ಆ ಕಡೆ ದೊಡ್ಡಮ್ಮನಿಗೆ ನನ್ನ ತಾಳ್ಮೆಯ ವರದಿ ಒಪ್ಪಿಸುತ್ತಿದ್ದೆ.

ಅಜ್ಜಿ ಕೂಗಿದಳು. "ಬಾರೇ ಇಲ್ಲಿ. ಹೆಂಗೂ ಬಂದವ್ರೆ, ನಿನ್ ಮಂಡಿಗೂ ಒಂದ್ ಪಟ್ಟಿ ಕಟ್ಟಿಸ್ಕ. ಬಟ್ಟೆ ಮಿಕ್ಕೈತಂತೆ."

ಸಾಬರು ನನ್ನ ಮಂಡಿಗೆ ಕುದುರೆಯ ಎಣ್ಣೆ ತಿಕ್ಕಿದರು. ವಾಸನೆ ಎಷ್ಟಿತ್ತೆಂದರೆ ನಮ್ಮ ಕತ್ತೆಗಳೆರಡೂ ನನ್ನನ್ನು ಗೌರವದಿಂದ ನೋಡಿದವು. ಆಮೇಲೆ ದಪ್ಪ ಬಟ್ಟೆಯ ಪಟ್ಟಿಯನ್ನು ತೊಡೆಯಿಂದ ಮೀನಖಂಡದವರೆಗೆ ಹಾಯಿಸಿ ಬಿಗಿದರು. "ಕುದುರೆಗಾದ್ರೆ ಎರಡ್ ದಿನ ಲಾಯದಾಗೆ ನಿಲ್ಲು ಅಂತ ಹೇಳ್ತಿದ್ದೆ ಬೇಟಿ. ನೀವು ಮಾತಾಡೋ ಜಾತಿ, ನಿಲ್ಲಲ್ಲ," ಎಂದರು. ಅಜ್ಜಿಯ ಹಿಮ್ಮಡಿಗೆ ಕಟ್ಟಿದ್ದು ಎರಡು ಬೆರಳಗಲದ ಒಂದು ಚಿಂದಿ. ಮುಖ್ಯ ರೋಗಿಗೆ ಚಿಂದಿ, ಜೊತೆಗೆ ಬಂದವಳಿಗೆ ಪೂರ್ತಿ ಪಟ್ಟಿ. ತರ್ಕಶಾಸ್ತ್ರದಲ್ಲಿ ಮೊದಲ ದರ್ಜೆಯಲ್ಲಿ ಪಾಸಾದ ನನಗೆ ಇದರಲ್ಲೇನೂ ವಿಶೇಷ ಕಾಣಲಿಲ್ಲ.

ಶನಿವಾರ ಬೆಳಿಗ್ಗೆ ಗುಡ್ಡದ ಬುಡ ಮುಟ್ಟಿದೆವು. ಪೂಜೆಗೆ ಇನ್ನೂ ಹೊತ್ತಿತ್ತು. ಬೇವಿನ ಮರದ ಕೆಳಗೆ ಅಪ್ಪ ಕೂತಿದ್ದ, ಪಕ್ಕದಲ್ಲಿ ಬಾಳೆಹಣ್ಣಿನ ಚೀಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಪಟ್ಟಿಯ ಹತ್ತಿರ ಅವನ ಕಣ್ಣು ಸ್ವಲ್ಪ ಹೊತ್ತು ನಿಂತಿತು. ದೊಡ್ಡಪ್ಪನ ಕಡೆ ತಿರುಗಿ "ಎಲ್ಲೂ ಹತ್ಲಿಲ್ವಾ?" ಎಂದ. ದೊಡ್ಡಪ್ಪ, "ಇಲ್ಲಪ್ಪ. ಅವ್ವನ್ನೂ ಇವಳೇ ಕರ್ಕಂಡು ಬಂದ್ಲು," ಎಂದ. ಅಪ್ಪ ಕೈ ಚಾಚಿದ. "ತತ್ತಾ. ಪೆನ್ನೈತಾ?"

ನಾನು ಚೀಲದಿಂದ ನಾಲ್ಕು ಮಡಿಕೆಯ ಅರ್ಜಿ ತೆಗೆದೆ. ಅಪ್ಪ ಅದನ್ನು ಕತ್ತೆಯ ಮೇಲಿನ ಹಿಟ್ಟಿನ ಚೀಲದ ಮೇಲಿಟ್ಟು ರುಜು ಹಾಕಿದ. ಕತ್ತೆ ಮಿಸುಕಾಡಿದ್ದರಿಂದ ಅವನ ಹೆಸರಿನ ಕೊನೆಯಕ್ಷರದ ಬಾಲ ಜನ್ಮದಿನಾಂಕದವರೆಗೆ ಹೋಯಿತು. ಕಾಲೇಜಿನವರು ಆಕ್ಷೇಪಿಸಲಿಲ್ಲ.

ನಮ್ಮ ಪದ್ಧತಿಯಲ್ಲಿ, ಗುಡ್ಡ ಹತ್ತುವಾಗ ಹಿಂದಿನ ಕೋಲು ಮುಂದೆ ಬರುತ್ತದೆ. ಮೊದಲು ಹತ್ತುವವರು ಅತಿ ಹಿರಿಯರು. ನಾನು ಅಜ್ಜಿಯ ತೋಳು ಹಿಡಿಯಲು ಹೋದೆ. ಅವಳು ಕೋಲನ್ನು ನನ್ನ ಕೈಗೆ ಕೊಟ್ಟು, "ನಿಂಗೆ ಬೇಕಾಗ್ತೈತೆ, ಇಟ್ಕ," ಎಂದಳು. ಸೆರಗು ಸಿಕ್ಕಿಸಿಕೊಂಡು ಹತ್ತಿದಳು ನೋಡಿ, ಮೇಕೆ ಹತ್ತಿದ ಹಾಗೆ. ಎಲ್ಲಿಯೂ ನಿಲ್ಲಲಿಲ್ಲ. ನಾನು ಕೋಲೂರಿ, ಒಂದೊಂದೇ ಮೆಟ್ಟಿಲು, ಎಲ್ಲರಿಗಿಂತ ಹಿಂದೆ. ಮೇಲೆ ಹೋದಾಗ ಎಲ್ಲರೂ ಕೈ ಮುಗಿದು ನಿಂತಿದ್ದರು. ಅಜ್ಜಿಯ ಹಿಮ್ಮಡಿಯನ್ನು ದೇವರು ಗುಣಪಡಿಸಿದ ಎಂದು ಆಗಲೇ ತೀರ್ಮಾನವಾಗಿತ್ತು. ನಾಸ್ತಿಕಳಾಗಿ ನಾನು ಆಕ್ಷೇಪಿಸಬೇಕಿತ್ತು. ಜೇಬಿನಲ್ಲಿ ರುಜು ಇದ್ದವರು ಯಾಕೆ ಆಕ್ಷೇಪಿಸುತ್ತಾರೆ? ಸೀರೆಗೆ ಜೇಬಿಲ್ಲ ಎನ್ನಬೇಡಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದೆ.

ಮೈಸೂರಿಗೆ ಹೋದೆ. ಲಾ ಓದುತ್ತಿದ್ದೇನೆ. ಮಂಡಿ ಈಗ ಮಳೆ ಬರುವ ಮುನ್ನ ಸೂಚನೆ ಕೊಡುತ್ತದೆ, ಉಳಿದಂತೆ ನೆಟ್ಟಗಿದೆ. ಹೋದ ವರ್ಷ ಗೆಳತಿಯ ಮದುವೆಗೆಂದು ಹೊಸದುರ್ಗದಲ್ಲಿ ಬಸ್ಸು ಇಳಿದಾಗ ನಿಲ್ದಾಣದ ಹೊರಗೆ ಬುಡೇನ್ ಸಾಬರು ಕುದುರೆಗೆ ಹುಲ್ಲು ಹಾಕುತ್ತಿದ್ದರು. ನನ್ನ ಮುಖ ಅವರಿಗೆ ನೆನಪಾಗಲಿಲ್ಲ. ಮಂಡಿ ಎಂದ ಕೂಡಲೇ ನೆನಪಾಯಿತು.

"ಅಜ್ಜಿ ಹೆಂಗವ್ರೆ ಬೇಟಿ? ಭಲೇ ಹೆಂಗ್ಸು ಅವ್ರು."

"ಚೆನ್ನಾಗಿದ್ದಾಳೆ. ನೀವು ಅವಳ ಹಿಮ್ಮಡಿಗೆ ಕಟ್ಟಿದ್ದರಿಂದಲೇ ಗುಡ್ಡ ಹತ್ತಿದಳು."

ಸಾಬರು ಹುಲ್ಲಿನ ಕಂತೆ ಕೆಳಗಿಟ್ಟು ನಕ್ಕರು. "ನಾನೇನು ಕಟ್ಟಿದ್ದೆ? ಒತ್ತಿ ನೋಡ್ದೆ, ಊತ ಇಲ್ಲ, ಬಿಸಿ ಇಲ್ಲ, ಕಲ್ಲಿನಂಗೈತೆ. ಎಲ್ಲಿ ನೋವು ಐತಮ್ಮ ಅಂತ ಕೇಳ್ದೆ. ಬಾಯಾಗೆ ಹೇಳ್ಲಿಲ್ಲ. ನೀವು ಆ ಕಡೆ ನಿಂತಿದ್ರಲ್ಲ, ನಿಮ್ ಕಡೆ ಕಣ್ಣು ತೋರ್ಸಿ, 'ಅಲ್ಲಿ' ಅಂದ್ರು."

ಕುದುರೆ ಹುಲ್ಲು ಜಗಿಯುತ್ತಿತ್ತು. ನಾನೂ ಒಂದು ಹಿಡಿ ಹುಲ್ಲೆತ್ತಿ ಅದರ ಬಾಯಿಗೆ ಹಿಡಿದೆ. ಸಾಬರು ಮುಂದುವರಿಸಿದರು. "ಆದ್ರೆ ಖಾತ್ರಿಯಾಗಿ ನಾನು ಹೇಳಲ್ಲ ಬೇಟಿ. ವಯಸ್ಸಾದೋರ ಹಿಮ್ಮಡಿ. ಒಳಗೆ ಮೂಳೆ ನೋಯ್ತಿದ್ರೆ ಹೊರಗಿಂದ ಏನು ಗೊತ್ತಾಗ್ತೈತೆ? ಕುದ್ರೆ ಆದ್ರೂ ಕಾಲು ಎತ್ತಿ ತೋರಿಸ್ತೈತೆ."

ಅಲ್ಲಿಂದ ಶುರುವಾಯಿತು ನನ್ನ ತೊಂದರೆ. ನಾಟಕ ಎಂದು ತೀರ್ಮಾನಿಸಲು ಸಾಕಷ್ಟು ಸಾಕ್ಷ್ಯವಿದೆ. ಹಿಮ್ಮಡಿ ಸಿಡಿಯುತ್ತಿದ್ದರೆ ಯಾರಾದರೂ ಕುಕ್ಕರಗಾಲಿನಲ್ಲಿ, ಇಡೀ ಭಾರ ಹಿಮ್ಮಡಿಯ ಮೇಲೆ ಬಿಟ್ಟು ಕೂರುತ್ತಾರೆಯೇ? ಕಲ್ಲು, ಕಟ್ಟೆ, ಚಿಂದಿ, ಮೆಟ್ಟಿಲು, ಎಲ್ಲವೂ ಒಂದೇ ಕಡೆ ಕೈ ತೋರಿಸುತ್ತವೆ. ಆದರೆ ಎದುರು ಪಕ್ಷದ ಹತ್ತಿರವೂ ಒಂದು ಸಾಕ್ಷ್ಯವಿದೆ. ಆ ವರ್ಷದ ನಂತರ ಅಜ್ಜಿ ಗುಡ್ಡಕ್ಕೆ ನಡೆದಿಲ್ಲ. ಮರುವರ್ಷ ಎಲ್ಲರೂ ಹೊರಟಾಗ, "ನನ್ ಕೈಲಿ ಆಗಲ್ಲ, ಬ್ಯಾರೇರು ಬ್ಯಾರೆ ಕೋಲು ಹಿಡೀರಿ," ಎಂದು ಉಳಿದುಬಿಟ್ಟಳು. ಚಳಿಗಾಲದಲ್ಲಿ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ, ಹಿಮ್ಮಡಿಯ ಕೆಳಗೆ ಇಟ್ಟುಕೊಳ್ಳುತ್ತಾಳೆ. ಅದೇ ಹಿಮ್ಮಡಿ. ನಾಟಕವಾಗಿದ್ದರೆ ಒಳ್ಳೆಯದು, ನಾನು ಮೋಸಹೋದವಳು, ಅಷ್ಟೇ. ನಿಜವಾಗಿದ್ದರೆ, ನಿಜವಾಗಿ ನೋಯುವ ಕಾಲಿನಲ್ಲಿ ನಡೆಯುತ್ತಿದ್ದ ಮುದುಕಿಗೆ, ನಡುದಾರಿಯಲ್ಲಿ, ಮನೆಯಲ್ಲಿ ಕೂರಬಾರದಿತ್ತೇ ಎಂದವಳು ನಾನು.

ಈ ರಜೆಯಲ್ಲಿ ಬಂದವಳು ಕೇಳಿಯೇಬಿಡುವುದೆಂದು ನಿಶ್ಚಯಿಸಿದೆ. ನಿನ್ನೆ ಬೆಳಿಗ್ಗೆ ಅಜ್ಜಿ ಪಡಸಾಲೆಯಲ್ಲಿ ಕಾಲು ಚಾಚಿ ಉಣ್ಣೆ ನೂಲುತ್ತಿದ್ದಳು. ಎದುರಿಗೆ ಕೂತು, ಓದಿದ್ದನ್ನೆಲ್ಲ ನೆನಪಿಗೆ ತಂದುಕೊಂಡು, ವಿಚಾರಣೆ ಶುರುಮಾಡಿದೆ.

"ಹಿಮ್ಮಡಿ ನೋವಿದ್ರೆ ಕುಕ್ಕರಗಾಲಲ್ಲಿ ಹೆಂಗೆ ಕೂತಿದ್ದೆ ಅಜ್ಜಿ?"

"ಮತ್ತೆಂಗೆ ಕುಂತ್ಕಬೇಕಿತ್ತು? ಕತ್ತೆ ಮ್ಯಾಲೆ ಕುರ್ಚಿ ಹೇರಿದ್ಯಾ ನೀನು?"

"ಸಾಬರು ಕೇಳಿದಾಗ ನನ್ನ ಕಡೆ ಕಣ್ಣು ತೋರಿಸಿದ್ಯಂತೆ."

"ಕಣ್ಣಾಗೆ ಧೂಳು ಬಿದ್ದಿತ್ತು. ಹೊಸದುರ್ಗದಾಗೆ ಧೂಳು ಜಾಸ್ತಿ."

"ಸರಿ. ಮೆಟ್ಟಿಲು ಹೆಂಗೆ ಹತ್ತಿದೆ?"

"ದೇವ್ರು ಹತ್ತಿಸ್ದ."

"ಆ ಮಾತು ನಾನು ಒಪ್ಪಲ್ಲ."

"ಒಪ್ಪಬ್ಯಾಡ. ನೀನು ಒಪ್ಪಲ್ಲ ಅಂತ ಕಪ್ಪೇ ಕೊಟ್ಟವ್ರಲ್ಲ. ಇದಿಷ್ಟು ಉಣ್ಣೆ ಬಿಡ್ಸು, ಸುಮ್ನೆ ಕುಂತಿದ್ದೀಯ."

ನಾನು ಉಣ್ಣೆ ಬಿಡಿಸಿದೆ. ಒಳಗಡೆ ಅಮ್ಮ ಯಾರಿಗೋ ಟೀ ಸೋಸುತ್ತಿದ್ದಳು. ಕಥೆ ಇನ್ನೇನು ಶುರುವಾಗುವುದರಲ್ಲಿತ್ತು. ಅಜ್ಜಿಯ ಬಲಗಾಲು ನನ್ನ ತೊಡೆಗೆ ತಾಗಿಕೊಂಡಿತ್ತು. ನಾನು ಉಣ್ಣೆ ಪಕ್ಕಕ್ಕಿಟ್ಟು ಆ ಹಿಮ್ಮಡಿಯನ್ನು ಕೈಯಲ್ಲಿ ತೆಗೆದುಕೊಂಡು ಒತ್ತಿ ನೋಡಿದೆ. ಊತವಿಲ್ಲ, ಬಿಸಿಯಿಲ್ಲ, ಕಲ್ಲಿನ ಹಾಗಿದೆ. ಅಜ್ಜಿ ಕಾಲು ಎಳೆದುಕೊಳ್ಳಲಿಲ್ಲ. ನನ್ನನ್ನು ನೋಡಲೂ ಇಲ್ಲ. ನೂಲು ಕಡಿಯದ ಹಾಗೆ ಕೈ ತಿರುಗುತ್ತಲೇ ಇತ್ತು.

"ಅಜ್ಜಿ," ಎಂದೆ, "ಅವತ್ತು ನಾನು ಬೈದಾಗ, ನಿನ್ನ ಕಾಲು ನಿಜವಾಗ್ಲೂ ನೋಯ್ತಿತ್ತಾ?"